ಕೊನೆಯ ಹಾಳೆ ಇಲ್ಲದ ಪುಸ್ತಕ

ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಗೆ ನಾನು ಲೆಕ್ಕ ಬರೆಯಲು ಸೇರಿದ್ದು 1994ರಲ್ಲಿ. ಅರವತ್ತು ಜನರ ಶೆಡ್. ಮಧ್ಯಾಹ್ನ ಹನ್ನೆರಡೂವರೆಗೆ ಊಟದ ಗಂಟೆ ಹೊಡೆದರೆ ಅರ್ಧ ತಾಸು ಬಿಡುವು. ಅದರಲ್ಲಿ ಹತ್ತು ನಿಮಿಷ ಕೈ ತೊಳೆಯುವುದಕ್ಕೇ ಹೋಗುತ್ತಿತ್ತು. ಕಟಿಂಗ್ ಆಯಿಲ್ ಬರೀ ಸೋಪಿಗೆ ಬಗ್ಗುವುದಿಲ್ಲ, ಮರದ ಹೊಟ್ಟು ಹಾಕಿ ಉಜ್ಜಬೇಕು. ಆಮೇಲೆ ಊಟ. ಉಳಿದ ಏಳೆಂಟು ನಿಮಿಷದಲ್ಲಿ ಕೆಲವರು ಬೀಡಿ ಹಚ್ಚುತ್ತಿದ್ದರು, ಕೆಲವರು ರಟ್ಟಿನ ಮೇಲೆ ಒರಗಿ ಕಣ್ಣು ಮುಚ್ಚುತ್ತಿದ್ದರು. ಕಂಪ್ರೆಸರ್ ಪಕ್ಕದ ಹೊಂಗೆಮರದ ಕೆಳಗೆ ಇಬ್ಬರು ಮಾತ್ರ ಪುಸ್ತಕ ತೆಗೆಯುತ್ತಿದ್ದರು.

ಒಬ್ಬರು ಟೂಲ್‌ರೂಮಿನ ಫಿಟ್ಟರ್. ಮಾಲೀಕರನ್ನು ಬಿಟ್ಟು ಉಳಿದೆಲ್ಲರಿಗೂ ಅವರು ಅಣ್ಣ. ಇನ್ನೊಬ್ಬರು ತಯಾರಾದ ಬುಷ್‌ಗಳನ್ನು ಮೈಕ್ರೋಮೀಟರ್ ಹಿಡಿದು ಅಳೆದು, ಸರಿಯಿದ್ದದ್ದನ್ನು ಒಂದು ಟ್ರೇಗೆ, ಸರಿಯಿಲ್ಲದ್ದನ್ನು ಕೆಂಪು ಬಣ್ಣ ಹಚ್ಚಿ ಇನ್ನೊಂದು ಟ್ರೇಗೆ ಹಾಕುತ್ತಿದ್ದ ಹೆಂಗಸು. ಅವರಿಗೆ ಕ್ಯೂಸಿ ಅಕ್ಕ ಎಂದೇ ಹೆಸರು. ಇಬ್ಬರ ಪುಸ್ತಕಕ್ಕೂ ಒಂದೇ ಥರದ ಹೊದಿಕೆ: ರದ್ದಾದ ಹಳೆಯ ಡ್ರಾಯಿಂಗ್ ಶೀಟು. ಬಿಳಿ ಕಾಗದದ ಮೇಲೆ ನೀಲಿ ಗೆರೆ, ಮೂಲೆಯಲ್ಲಿ ಅಳತೆಯ ಅಂಕಿಗಳು, ಮೂಗಿಗೆ ಹಿಡಿದರೆ ಇನ್ನೂ ಸ್ವಲ್ಪ ಅಮೋನಿಯಾ ಘಾಟು. ದೂರದಿಂದ ನೋಡಿದವರಿಗೆ ಇವರಿಬ್ಬರೂ ಬಿಡುವಿನಲ್ಲೂ ಕಂಪನಿ ಕೆಲಸ ಮಾಡುತ್ತಿದ್ದಾರೆ ಅನ್ನಿಸಬೇಕು.

ಹೊದಿಕೆ ಒಂದೇ ಆದರೂ ಕಾರಣ ಬೇರೆ. ಅಣ್ಣನ ಕೈಯ ಎಣ್ಣೆ ಪೂರ್ತಿ ಹೋಗುತ್ತಿರಲಿಲ್ಲ. ಪುಸ್ತಕ ಬಾಡಿಗೆಗೆ ತಂದದ್ದು, ಕಲೆ ಬಿದ್ದರೆ ದಾಸರಹಳ್ಳಿಯ ಸರ್ಕ್ಯುಲೇಟಿಂಗ್ ಲೈಬ್ರರಿಯವನು ಡೆಪಾಸಿಟ್ ಹಿಡಿಯುತ್ತಿದ್ದ. ಅಕ್ಕನದು ನಾಚಿಕೆ. ರಕ್ಷಾಪುಟದಲ್ಲಿ ಹೆಣ್ಣೊಬ್ಬಳು ಕಣ್ಣು ಕೆಳಗೆ ಮಾಡಿ ನಿಂತಿರುವ, ಹಿಂದೆ ಗಂಡಿನ ಮುಖ ಮೋಡದಲ್ಲಿ ತೇಲುವ ಪುಸ್ತಕವನ್ನು ನಲವತ್ತು ಗಂಡಸರ ನಡುವೆ ಬಿಡಿಸಿ ಕೂರುವುದು ಹೇಗೆ?

ನನ್ನ ಚೀಲದಲ್ಲೂ ಪುಸ್ತಕ ಇರುತ್ತಿತ್ತು. ಅದಕ್ಕೆ ಹೊದಿಕೆ ಇರುತ್ತಿರಲಿಲ್ಲ. ಕುವೆಂಪು, ಭೈರಪ್ಪ, ಅನಂತಮೂರ್ತಿ. ಹೆಸರು ಎಲ್ಲರಿಗೂ ಕಾಣುವಂತೆ ಮೇಲೆ ಮಾಡಿ ಮೇಜಿನ ಮೇಲೆ ಇಡುತ್ತಿದ್ದೆ. ಈಗ ನೆನೆದರೆ ನಗು ಬರುತ್ತದೆ. ಓದಿದ್ದು ಎಷ್ಟೋ, ತೋರಿಸಿದ್ದೇ ಹೆಚ್ಚು.

ಮರದ ಕೆಳಗೆ ಮೂರನೆಯವನಾಗಿ ನಾನು ಹೋಗಿ ಕೂತಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಉದ್ಧಾರದ ಯೋಜನೆ. ಇವರಿಗೆ ಒಳ್ಳೆಯ ಪುಸ್ತಕ ಕೊಟ್ಟು, ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಬೇಕು. ಪ್ರೇಮ ಕಾದಂಬರಿ ಕೆಳಗಿನ ಮೆಟ್ಟಿಲು, ಪತ್ತೇದಾರಿ ಅದರ ಪಕ್ಕದ್ದು, ಕುವೆಂಪು ಅಟ್ಟದ ಮೇಲೆ. ಈ ಏಣಿಯನ್ನು ನಾನೇನೂ ಕಟ್ಟಿದ್ದಲ್ಲ, ಕಾಲೇಜಿನಿಂದ ಹೊತ್ತು ತಂದದ್ದು. ಹೆಂಗಸರು ಬರೆದದ್ದನ್ನು ‘ಅಡುಗೆಮನೆ ಸಾಹಿತ್ಯ’ ಎಂದು ತಳ್ಳುವ ಮಾತು ಆಗ ಚಾಲ್ತಿಯಲ್ಲಿತ್ತು. ಪತ್ತೇದಾರಿಗಂತೂ ಆ ಮರ್ಯಾದೆಯೂ ಇರಲಿಲ್ಲ, ಅದರ ಹೆಸರೇ ಎತ್ತುತ್ತಿರಲಿಲ್ಲ.

ಅಣ್ಣ ನನ್ನ ಏಣಿಯನ್ನು ಮೊದಲ ವಾರವೇ ಅಲ್ಲಾಡಿಸಿದರು. ಅವರ ದೇವರು ಎನ್. ನರಸಿಂಹಯ್ಯ. ನಾಲ್ಕನೇ ಕ್ಲಾಸಿಗೇ ಓದು ನಿಲ್ಲಿಸಿದ ಮನುಷ್ಯ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದದ್ದು, ‘ಪತ್ತೇದಾರ ಪುರುಷೋತ್ತಮ’ನನ್ನು ಮನೆಮಾತು ಮಾಡಿದ್ದು ಅಣ್ಣನಿಗೆ ಪವಾಡಕ್ಕಿಂತ ದೊಡ್ಡದು. ಅಣ್ಣನ ಓದೂ ಏಳಕ್ಕೇ ನಿಂತಿತ್ತು. “ನಾಲ್ಕು ಓದಿದೋರು ಬರೆದದ್ದನ್ನ ಏಳು ಓದಿದೋನು ಓದ್ತೀನಿ, ನನಗೇ ಮೂರು ಕ್ಲಾಸ್ ಜಾಸ್ತಿ ಆಯ್ತಲ್ಲ ಸಾರ್?” ಎಂದಿದ್ದರು.

ನವೆಂಬರಿನಲ್ಲಿ ಇನ್ನೊಂದು ಪೆಟ್ಟು. ಕಾರ್ಖಾನೆಯ ಗೇಟಿಗೆ ಹುಡುಗರು ಹಳದಿ ಕೆಂಪು ಬಾವುಟ ಕಟ್ಟುತ್ತಿದ್ದರು. ಅಣ್ಣ ಏಣಿ ಹಿಡಿದುಕೊಂಡು ನಿಂತಿದ್ದವರು ನನ್ನ ಕಡೆ ತಿರುಗಿ, “ಈ ಬಾವುಟ ಮಾಡಿದ್ದು ಯಾರು ಗೊತ್ತಾ ಸಾರ್?” ಎಂದರು. ಮ. ರಾಮಮೂರ್ತಿ ಎಂದೆ. “ಅವರು ಏನು ಬರೀತಿದ್ರು?” ನನಗೆ ಗೊತ್ತಿರಲಿಲ್ಲ. ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದರು. ವೀರಕೇಸರಿ ಸೀತಾರಾಮ ಶಾಸ್ತ್ರಿಗಳ ಮಗ, ಕನ್ನಡಕ್ಕಾಗಿ ಬೀದಿಗಿಳಿದ ರಾಮಮೂರ್ತಿಯವರು ಕೊಲೆ ಕಳವಿನ ಕತೆಯನ್ನೂ ಅಷ್ಟೇ ಉತ್ಸಾಹದಿಂದ ಬರೆದವರು. ಸಾಹಿತ್ಯ ಚರಿತ್ರೆಯ ಪುಟದಲ್ಲಿ ಪತ್ತೇದಾರಿಗೆ ಜಾಗ ಸಿಗದಿರಬಹುದು, ಪೀಣ್ಯದ ಪ್ರತಿ ಗೇಟಿನ ಮೇಲೆ ಒಬ್ಬ ಪತ್ತೇದಾರಿ ಲೇಖಕರ ಕೆಲಸ ವರ್ಷಕ್ಕೊಮ್ಮೆ ಹಾರುತ್ತದೆ. ಹಾಗೆಯೇ ಟಿ.ಕೆ. ರಾಮರಾಯರು. ಪತ್ತೇದಾರಿಗೆ ಹೆಸರಾದ ಅವರ ಕಾದಂಬರಿಯೇ 1972ರಲ್ಲಿ ರಾಜ್‌ಕುಮಾರ್ ಅಭಿನಯದ ‘ಬಂಗಾರದ ಮನುಷ್ಯ’ವಾದದ್ದು. ಆ ಸಿನಿಮಾ ನೋಡಿ ಊರಿಗೆ ಮರಳಿ ನೇಗಿಲು ಹಿಡಿದವರಿದ್ದಾರೆ ಎನ್ನುವ ಮಾತನ್ನು ನಾವೆಲ್ಲ ಕೇಳಿದ್ದೇವೆ. ಊರು ಬಿಟ್ಟು ಪೀಣ್ಯಕ್ಕೆ ಬಂದಿದ್ದ ಅಣ್ಣನಿಗೆ ಅದರಲ್ಲಿ ಹಿಡಿಸಿದ್ದು ಬೇರೆ: ತಾನೇ ದುಡಿದು ನಿಲ್ಲಿಸಿದ ಮನೆಯಲ್ಲಿ ಕೆಟ್ಟ ಮಾತು ಕೇಳಿ, ಒಂದು ಉತ್ತರವನ್ನೂ ಕೊಡದೆ ಎದ್ದು ಹೋಗುವ ರಾಜೀವ. ಆ ಭಾಗದ ಮಾತು ಬಂದರೆ ಅಣ್ಣ ಸುಮ್ಮನಾಗುತ್ತಿದ್ದರು. ಅದು ಯಾಕೆಂದು ನನಗೆ ಅರ್ಥವಾಗಲು ಹದಿನೈದು ವರ್ಷ ಬೇಕಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಅಕ್ಕನ ಜೊತೆಗಿನ ಜಗಳ ಇಷ್ಟು ಸುಲಭದ್ದಲ್ಲ. ಅವರು ವಾದ ಮಾಡುವವರೇ ಅಲ್ಲ. ಸಾಯಿಸುತೆ, ಎಚ್.ಜಿ. ರಾಧಾದೇವಿ, ಉಷಾ ನವರತ್ನರಾಂ, ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದರು. ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ, ಸೂಜಿದಾರದಲ್ಲಿ ಹೊಲಿದು ತಮ್ಮದೇ ಪುಸ್ತಕ ಮಾಡಿಕೊಂಡಿದ್ದರು. ನಾನು ಒಮ್ಮೆ ಅಸಡ್ಡೆಯಿಂದ, “ಕೊನೆಗೆ ಮದುವೆ ಆಗೇ ಆಗುತ್ತೆ ಅಂತ ಗೊತ್ತಿದ್ದೂ ಹೇಗೆ ಓದ್ತೀರಿ ಅಕ್ಕ?” ಎಂದೆ. ಅವರು ಪುಸ್ತಕದಿಂದ ಕಣ್ಣೆತ್ತದೆ, “ಮದುವೆ ಆಗುತ್ತೆ ಸಾರ್. ಯಾರ ಮನೆಗೆ ಹೋಗ್ತಾಳೆ, ಬೀಗದ ಕೈ ಯಾರ ಸೊಂಟದಲ್ಲಿರುತ್ತೆ, ಅದನ್ನ ನೋಡಬೇಕಲ್ಲ” ಎಂದರು.

ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ಜೇನ್ ಆಸ್ಟಿನ್‌ಳನ್ನು ಓದುವಾಗ ನೆನಪಾಯಿತು. ಇನ್ನೂರು ವರ್ಷದಿಂದ ಲೋಕವೇ ಶ್ರೇಷ್ಠ ಎಂದು ಒಪ್ಪಿದ ಆ ಕಾದಂಬರಿಗಳಲ್ಲಿ ಇರುವುದೂ ಅದೇ: ಯಾರಿಗೆ ವರ್ಷಕ್ಕೆ ಎಷ್ಟು ವರಮಾನ, ಅಪ್ಪ ಸತ್ತರೆ ಮನೆ ಯಾರಿಗೆ, ಮದುವೆಯಾಗದ ಹುಡುಗಿಗೆ ತಲೆ ಮೇಲೆ ಸೂರು ಎಲ್ಲಿ. ಪ್ರೀತಿಯನ್ನು ಆಸ್ಟಿನ್ ಬರೆದದ್ದು ಈ ಲೆಕ್ಕದ ಪುಸ್ತಕದ ಅಂಚಿನಲ್ಲಿ. ಲೆಕ್ಕ ಬರೆಯುವವನು ನಾನು. ಅದನ್ನು ಮೊದಲು ಕಂಡದ್ದು ಅಕ್ಕ.

ಅಕ್ಕನ ಒತ್ತಾಯಕ್ಕೆ ನಾನು ತ್ರಿವೇಣಿಯವರನ್ನು ಓದಿದೆ. ಒತ್ತಾಯವೆಂದರೆ, ಒಂದು ದಿನ ನನ್ನ ಊಟದ ಡಬ್ಬಿಯ ಕೆಳಗೆ ‘ಶರಪಂಜರ’ ಇಟ್ಟು ಹೋಗಿದ್ದರು. ಪುಟ್ಟಣ್ಣ ಕಣಗಾಲರ ಸಿನಿಮಾ ನೋಡಿದ್ದೆನಾದ್ದರಿಂದ ಕತೆ ಗೊತ್ತು ಎಂದು ಉದಾಸೀನ. ಓದುತ್ತಾ ಹೋದ ಹಾಗೆ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಮನಃಶಾಸ್ತ್ರ ಓದಿದ ಹೆಣ್ಣುಮಗಳು, 1963ರಲ್ಲಿ ತೀರಿಕೊಂಡಾಗ ಇನ್ನೂ ಮೂವತ್ತೈದು ತುಂಬಿರಲಿಲ್ಲ. ಕಾವೇರಿಯ ಕಾಯಿಲೆಯ ಬಗ್ಗೆ ನಾನು ಏನೋ ಪಂಡಿತನ ಹಾಗೆ ಹೇಳಹೋದರೆ ಅಕ್ಕ ತಡೆದರು. “ಅವಳಿಗೆ ಕಾಯಿಲೆ ವಾಸಿ ಆಗಿತ್ತು ಸಾರ್. ವಾಸಿ ಆಗಿದೆ ಅಂತ ಮನೆಯೋರು ಒಪ್ಪಲಿಲ್ಲ. ನಮ್ಮಲ್ಲೂ ಹಂಗೇ. ಒಂದು ಸಲ ಕೆಂಪು ಬಣ್ಣ ಹಚ್ಚಿದ ಪೀಸು, ಆಮೇಲೆ ಅಳತೆ ಸರಿಯಿದ್ರೂ ಯಾರೂ ತಗೊಳ್ಳಲ್ಲ.”

ಇಷ್ಟಾದರೂ ನನ್ನ ಅಹಂಕಾರ ಪೂರ್ತಿ ಇಳಿದಿರಲಿಲ್ಲ. ಸೇಡು ತೀರಿಸಿಕೊಳ್ಳುವ ಹಾಗೆ ಅಕ್ಕನಿಗೆ ‘ಮಲೆಗಳಲ್ಲಿ ಮದುಮಗಳು’ ಕೊಟ್ಟೆ. ಏಳುನೂರು ಪುಟ ದಾಟುವ ಪುಸ್ತಕ. ಹದಿನೈದು ದಿನದಲ್ಲಿ ಧೂಳು ಹಿಡಿದು ವಾಪಸ್ ಬರುತ್ತದೆ ಎಂದು ನನ್ನ ಲೆಕ್ಕ. ಎರಡು ತಿಂಗಳು ಬರಲಿಲ್ಲ. ಬಂದಾಗ ಅದಕ್ಕೂ ಡ್ರಾಯಿಂಗ್ ಶೀಟಿನ ಹೊದಿಕೆ ಬಿದ್ದಿತ್ತು. ಹೇಗಿತ್ತು ಎಂದು ಕೇಳಿದೆ.

“ಇದು ಓಡಿಹೋಗೋರ ಕತೆ. ಗುತ್ತಿ ತಿಮ್ಮಿನ ಕರ್ಕೊಂಡು ಹೋಗ್ತಾನೆ, ಚಿನ್ನಮ್ಮ ಇಷ್ಟ ಇಲ್ಲದ ಮದುವೆ ತಪ್ಪಿಸ್ಕೊಂಡು ರಾತ್ರಿ ಕಾಡಿಗೆ ಹೋಗ್ತಾಳೆ. ಸಾಯಿಸುತೆ ಅವರು ಬರೆದಿದ್ರೆ ಲವ್ ಸ್ಟೋರಿ ಅಂತೀರಿ, ಕುವೆಂಪು ಬರೆದರೆ ಮಹಾಕಾದಂಬರಿ ಅಂತೀರಿ. ಯಾಕೆ ಸಾರ್ ಯಾರೂ ಇದು ಪ್ರೀತಿ ಕತೆ ಅಂತ ಮೊದಲೇ ಹೇಳಲ್ಲ? ಹೇಳಿದ್ರೆ ನಾನು ಹತ್ತು ವರ್ಷ ಮುಂಚೆನೇ ಓದ್ತಿದ್ದೆ.” ಒಂದು ಕ್ಷಣ ಬಿಟ್ಟು, “ಆ ನಾಯಿ ಹುಲಿಯ ಹೊಳೆಯಲ್ಲಿ ಹೋದಾಗ ಮಾತ್ರ ನಂಗೆ ಎರಡು ದಿನ ಅನ್ನ ಸೇರಲಿಲ್ಲ” ಎಂದರು.

ಪುಸ್ತಕದ ಬಗ್ಗೆ ಎಷ್ಟೋ ವಿಮರ್ಶೆ ಓದಿದ್ದೆ. ಸಮಾಜ, ಮತಾಂತರ, ಕಾಲದೇಶ, ದರ್ಶನ ಎಲ್ಲ ಗೊತ್ತಿತ್ತು. ಹುಲಿಯನಿಗಾಗಿ ನಾನು ಅತ್ತಿರಲಿಲ್ಲ. ಮುನ್ನೂರು ಪ್ರೇಮ ಕಾದಂಬರಿ ಓದಿ ಹದಗೊಂಡ ಕಣ್ಣು ಕಾಡಿನಲ್ಲಿ ಹೆಜ್ಜೆ ಇಡುವ ಹುಡುಗಿಯ ಕಾಲನ್ನು ನೋಡುತ್ತದೆ: ಚಪ್ಪಲಿ ಇದೆಯೆ, ಯಾರಿಗೆ ಗೊತ್ತು, ಯಾರು ಬಾಯಿ ಬಿಟ್ಟಾರು. ನನ್ನ ಕಣ್ಣು ಕಾಡಿನ ಸಂಕೇತಾರ್ಥ ಹುಡುಕುತ್ತಿತ್ತು. ಯಾರ ಓದು ಮೇಲಿನ ಮೆಟ್ಟಿಲಿನದು ಎಂದು ಈಗ ಕೇಳಿದರೆ ಉತ್ತರ ಕೊಡಲು ನನಗೆ ಸಂಕೋಚವಿಲ್ಲ.

ಇನ್ನು ಅಣ್ಣನ ವಿಷಯ. 1997ರಲ್ಲಿ ಟೂಲ್‌ರೂಮಿನಲ್ಲಿ ಒಂದು ಘಟನೆ ನಡೆಯಿತು. ಸ್ಲಿಪ್ ಗೇಜ್ ಎಂದು ಒಂದು ಪೆಟ್ಟಿಗೆ ಇರುತ್ತದೆ. ಮಖಮಲ್ಲಿನ ಗುಂಡಿಗಳಲ್ಲಿ 87 ಉಕ್ಕಿನ ತುಂಡು, ಒಂದೊಂದೂ ಕನ್ನಡಿಯ ಹಾಗೆ ನುಣುಪು. ಎರಡನ್ನು ಒತ್ತಿ ಜಾರಿಸಿದರೆ ಗೋಂದು ಇಲ್ಲದೆ ಅಂಟಿಕೊಳ್ಳುತ್ತವೆ. ಅಳೆಯುವ ಸಾಧನಗಳನ್ನೇ ಅಳೆಯುವ ಸಾಧನ ಅದು. ಒಂದು ಸೋಮವಾರ ಪೆಟ್ಟಿಗೆ ತೆರೆದರೆ 86 ಇದ್ದವು. ರಿಜಿಸ್ಟರಿನಲ್ಲಿ ಕೊನೆಯ ಸಹಿ ಅಣ್ಣನದು. ಯಾರೂ ಅವರನ್ನು ಕಳ್ಳ ಎನ್ನಲಿಲ್ಲ. ಕೂಗಾಡಲೂ ಇಲ್ಲ. ಮೂರು ತಿಂಗಳು ಸಂಬಳದಲ್ಲಿ ಕಂತು ಹಿಡಿದರು, ಅಷ್ಟೆ. ಆ ಕಡಿತದ ಸಾಲನ್ನು ವೇತನ ಪುಸ್ತಕದಲ್ಲಿ ಬರೆದದ್ದು ನಾನು. ಮೊದಲ ತಿಂಗಳು ಬರೆಯುವಾಗ ಕೈ ಸ್ವಲ್ಪ ತಡೆಯಿತು, ಮೂರನೇ ತಿಂಗಳಿಗೆ ತಡೆಯಲಿಲ್ಲ. ಆ ತುಂಡು ಕೊನೆಗೂ ಸಿಗಲಿಲ್ಲ. ಅಣ್ಣ ಆ ಮಾತನ್ನು ಮತ್ತೆ ಎತ್ತಲಿಲ್ಲ. ಮರದ ಕೆಳಗೆ ಓದು ಎಂದಿನಂತೆ ನಡೆಯಿತು.

ಒಮ್ಮೆ ಕೇಳಿದ್ದೆ, ಪತ್ತೇದಾರಿಯೇ ಯಾಕೆ ಎಂದು. “ಡೈ ಒಡೆದರೆ ಯಾರು ಒಡೆದಿದ್ದು ಅಂತ ಎಲ್ರೂ ಕೇಳ್ತಾರೆ ಸಾರ್. ಯಾಕೆ ಒಡೀತು ಅಂತ ಯಾರು ಕೇಳ್ತಾರೆ? ಇದ್ರಲ್ಲಾದ್ರೂ ಕೊನೇ ಅಧ್ಯಾಯದಲ್ಲಿ ಕೇಳ್ತಾರೆ.”

ಮರು ವರ್ಷವೋ ಏನೋ, ದಾಸರಹಳ್ಳಿಯ ಲೈಬ್ರರಿಯವನು ಅಂಗಡಿ ಮುಚ್ಚಿದ. ಮನೆಮನೆಗೂ ಕೇಬಲ್ ಟಿವಿ ಬಂದಿತ್ತು. ಉಳಿದ ಸರಕನ್ನು ರಾಶಿ ಹಾಕಿ ಮಾರಿದ. ಅಣ್ಣ ಹತ್ತು ರೂಪಾಯಿ ಕೊಟ್ಟು ಒಂದು ಪತ್ತೇದಾರಿ ತಂದರು. ಮಲ್ಲೇಶ್ವರದ ಒಂದು ದೊಡ್ಡ ಮನೆ, ಒಡವೆ ಪೆಟ್ಟಿಗೆ ಮಾಯ, ಯಜಮಾನಿ ಸತ್ತುಬಿದ್ದಿದ್ದಾಳೆ, ನಾಲ್ಕನೇ ಅಧ್ಯಾಯದಲ್ಲೇ ಪೊಲೀಸರು ಅಡುಗೆಯವನನ್ನು ಹಿಡಿದುಕೊಂಡು ಹೋಗುತ್ತಾರೆ. ಪುಸ್ತಕದ ಹೆಸರು ಹೇಳುವುದಿಲ್ಲ. ಇನ್ನೂ ಓದದವರು ಯಾರಾದರೂ ಇದ್ದಾರು. ಅಣ್ಣ ಓದಿ ನನಗೆ ಕೊಟ್ಟರು, ನಾನು ಅಕ್ಕನಿಗೆ ಕೊಟ್ಟೆ. ಕೊಡುವಾಗಲೇ ಅಣ್ಣ ಎಚ್ಚರಿಸಿದ್ದರು, ಕೊನೆಯ ಹಾಳೆಗಳಿಲ್ಲ ಎಂದು. ನಿಜ. ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ಗಂಟಲು ಸರಿಮಾಡಿಕೊಳ್ಳುವಲ್ಲಿಗೆ ಪುಸ್ತಕ ಮುಗಿಯುತ್ತಿತ್ತು.

ನನಗೆ ಕೊನೆಯನ್ನು ಅಣ್ಣ ಗೇಟಿನ ಹತ್ತಿರ ಹೇಳಿದರು. ಮನೆಯ ಲೆಕ್ಕ ನೋಡುತ್ತಿದ್ದ ಬಾಮೈದನೇ ಕೊಲೆಗಾರ. ಜಮಾ ಖರ್ಚಿನಲ್ಲಿ ಒಂದು ಕಡೆ ಶಾಯಿಯ ಬಣ್ಣ ಬದಲಾಗಿದ್ದರಿಂದ ಸಿಕ್ಕಿಬಿದ್ದ. ಬಹಳ ಚೆನ್ನಾಗಿ ಹೇಳಿದರು. ಮರುದಿನ ಅಕ್ಕನ ಹತ್ತಿರ ಮಾತಾಡಿದರೆ ಅವರಿಗೆ ಬಸ್‌ಸ್ಟಾಪಿನಲ್ಲಿ ಹೇಳಿದ ಕೊನೆ ಬೇರೆ: ತಂಗಿಯ ಮದುವೆ ತಪ್ಪಿಸಲು ಹೊರಟಿದ್ದ ಅಣ್ಣನೇ ಕೊಲೆಗಾರ, ಆ ಹುಡುಗಿ ಕೊನೆಗೆ ತನಗಿಷ್ಟವಾದವನ ಕೈ ಹಿಡಿಯುತ್ತಾಳೆ. ಇಬ್ಬರೂ ನಕ್ಕೆವು. ಅಣ್ಣನಿಗೆ ವಯಸ್ಸಾಯಿತು, ನೂರು ಪುಸ್ತಕದ ಕೊಲೆಗಾರರು ತಲೆಯಲ್ಲಿ ಕಲಸಿಹೋಗಿದ್ದಾರೆ ಎಂದುಕೊಂಡೆ.

2009ರಲ್ಲಿ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಅದೇ ಕಾದಂಬರಿ ಕೈಗೆ ಸಿಕ್ಕಿತು. ಪೂರ್ತಿ ಇತ್ತು. ಗಾಡಿಗಳ ಹಾರನ್ ಮಧ್ಯೆ ಅಲ್ಲೇ ನಿಂತು ಕೊನೆಯ ಹನ್ನೆರಡು ಪುಟ ಓದಿದೆ. ಬಾಮೈದನಲ್ಲ, ಅಣ್ಣನಲ್ಲ. ಕೊಲೆ ಮಾಡಿದ್ದು ಅಡುಗೆಯವನೇ. ಮೊದಲು ಹಿಡಿದವನೇ ಕೊನೆಗೂ ತಪ್ಪಿತಸ್ಥ. ನಡುವಿನ ಅಷ್ಟೂ ಅನುಮಾನ ಓದುಗನನ್ನು ದಾರಿ ತಪ್ಪಿಸಲು. ಪತ್ತೇದಾರಿಯ ಕಸುಬಿನ ದೃಷ್ಟಿಯಿಂದ ಜಾಣ ಉಪಾಯ.

ಮರುದಿನ ಅಣ್ಣನ ತಪ್ಪು ತಿದ್ದುವ ಉತ್ಸಾಹದಲ್ಲಿ ಟೂಲ್‌ರೂಮಿಗೆ ಹೋದೆ. ಪುಸ್ತಕ ಪೂರ್ತಿ ಸಿಕ್ಕಿತು ಎಂದಷ್ಟೇ ಹೇಳಿದ್ದು. ಅವರು ಕೈಯಲ್ಲಿದ್ದ ಅರ ಕೆಳಗಿಟ್ಟು, ವೇಸ್ಟಿನಲ್ಲಿ ಬೆರಳು ಒರೆಸಿಕೊಂಡು, ಹುಡುಗನ ಹಾಗೆ ಕೇಳಿದರು: “ಕೊನೆಗೆ ಯಾರು ಸಾರ್ ಮಾಡಿದ್ದು?”

ಅವರಿಗೆ ಗೊತ್ತಿರಲಿಲ್ಲ. ಕೊನೆಯ ಹಾಳೆಗಳನ್ನು ಅವರೂ ಯಾವತ್ತೂ ಓದಿರಲಿಲ್ಲ. ಹತ್ತು ರೂಪಾಯಿಗೆ ಕೊಂಡಾಗಲೇ ಅವು ಇರಲಿಲ್ಲ. ನನಗೊಂದು, ಅಕ್ಕನಿಗೊಂದು ಕೊನೆಯನ್ನು ಅವರೇ ಕಟ್ಟಿದ್ದರು. ಲೆಕ್ಕದವನಿಗೆ ಲೆಕ್ಕದ ಪುಸ್ತಕದಿಂದ, ಪ್ರೇಮ ಕಾದಂಬರಿ ಓದುವವರಿಗೆ ಮದುವೆಯಿಂದ. ಕೊಲೆಗಾರರು ಬೇರೆಬೇರೆಯಾಗಿದ್ದರು. ಎರಡರಲ್ಲೂ ಸಮಾನವಾಗಿದ್ದ ಒಂದೇ ಸಂಗತಿಯನ್ನು ಹತ್ತು ವರ್ಷ ನಾನು ಗಮನಿಸಿರಲಿಲ್ಲ: ಎರಡರಲ್ಲೂ ಅಡುಗೆಯವನು ಬಿಡುಗಡೆಯಾಗಿ ಬರುತ್ತಾನೆ, ಮನೆಯವರು ಅವನ ಮುಂದೆ ತಲೆ ತಗ್ಗಿಸುತ್ತಾರೆ. 87ರಲ್ಲಿ ಇಲ್ಲವಾದ ಒಂದು ತುಂಡು, ವೇತನ ಪುಸ್ತಕದಲ್ಲಿ ನನ್ನ ಕೈಬರಹ, ರಾಜೀವ ಎದ್ದು ಹೋಗುವ ದೃಶ್ಯ ಎಲ್ಲ ಒಟ್ಟಿಗೆ ನೆನಪಾದವು.

“ನೀವು ಹೇಳಿದ ಹಾಗೇ ಅಣ್ಣ. ಆ ಬಾಮೈದನೇ. ಅಡುಗೆಯವನದು ಏನೂ ತಪ್ಪಿಲ್ಲ” ಎಂದೆ.

“ನಾನು ಅಂದ್ಕೊಂಡೆ” ಎಂದು ಮತ್ತೆ ಅರ ಎತ್ತಿಕೊಂಡರು. ಪುಸ್ತಕ ಕೊಡಿ ಎಂದು ಕೇಳಲಿಲ್ಲ. ಅದು ಈಗಲೂ ನನ್ನ ಬೀರುವಿನಲ್ಲಿ ಹಿಂದಿನ ಸಾಲಿನಲ್ಲಿದೆ.

ಪುಸ್ತಕ ಹಂಚಿಕೊಳ್ಳುವುದು ಎಂದರೆ ಏನೆಂದು ಕೇಳಿದರೆ ಈ ಸುಳ್ಳೇ ನನಗೆ ಮೊದಲು ನೆನಪಾಗುತ್ತದೆ. ನಾನು ಏಣಿಯ ಮೇಲಿನ ಓದುಗ, ಕೃತಿಗೆ ನಿಷ್ಠನಾಗಿರಬೇಕು ಎಂದು ಭಾಷಣ ಮಾಡಿದವನು, ಒಂದು ಕಾದಂಬರಿಯ ಕೊನೆಯನ್ನೇ ಬದಲಾಯಿಸಿದೆ. ತಪ್ಪೆನಿಸಿಲ್ಲ. ಅನಿಸಿದ್ದು ಒಂದೇ: ವೇತನ ಪುಸ್ತಕದಲ್ಲಿ ಬರೆಯುವಾಗಲೂ ಹೀಗೆ ಒಂದು ಮಾತು ಹೇಳಬಹುದಿತ್ತು. ಮಾಲೀಕರ ಕೋಣೆಗೆ ಹೋಗಿ, ಈ ಮನುಷ್ಯ ಹಾಗೆ ಮಾಡುವವನಲ್ಲ ಎನ್ನಬಹುದಿತ್ತು. ಅವತ್ತು ನಿಜ ಹೇಳಲು ಬಾಯಿ ಬರಲಿಲ್ಲ; ಹನ್ನೆರಡು ವರ್ಷದ ಮೇಲೆ ಸುಳ್ಳು ಹೇಳಲು ಬಂತು. ಕಾದಂಬರಿ ಓದಿ ಮನುಷ್ಯರು ಅರ್ಥವಾಗುತ್ತಾರೆ ಎಂದು ನಾವು ಸುಲಭವಾಗಿ ಹೇಳುತ್ತೇವೆ. ನನ್ನ ಮಟ್ಟಿಗೆ ಹಾಗಾಗಲಿಲ್ಲ. ಎದುರಿಗೆ ಕೂತು ಓದುತ್ತಿದ್ದ ಮನುಷ್ಯ ಏನನ್ನು ಓದುತ್ತಿದ್ದಾನೆ, ಯಾಕೆ ಅದನ್ನೇ ಓದುತ್ತಿದ್ದಾನೆ ಎಂದು ನೋಡುವುದಕ್ಕೆ ಹದಿನೈದು ವರ್ಷ ಹಿಡಿಯಿತು. ಅಣ್ಣ ನಮ್ಮಿಬ್ಬರನ್ನು ಒಂದೇ ಬಸ್‌ಸ್ಟಾಪಿನ ಅವಧಿಯಲ್ಲಿ ಓದಿಬಿಟ್ಟಿದ್ದರು.

ಗ್ರಂಥಾಲಯ ಶಾಸ್ತ್ರದ ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಎರಡು ಹೀಗಿವೆ: ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ನೆಲೆಸಿದ್ದ, 1972ರಲ್ಲಿ ಇಲ್ಲೇ ತೀರಿಕೊಂಡ ಅವರು ಪೀಣ್ಯದ ಹೊಂಗೆಮರವನ್ನು ನೋಡಿರಲಾರರು. 1965ರ ಗ್ರಂಥಾಲಯ ಕಾಯ್ದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಇದೆ. ದಾಸರಹಳ್ಳಿಯ ವಠಾರದಲ್ಲಿ ಬಾಡಿಗೆ ಕೊಡುವವನೂ ಸುತ್ತಿ ಬಳಸಿ ಅದನ್ನು ಕಟ್ಟುತ್ತಾನೆ. ಆದರೆ ಮೊದಲ ಪಾಳಿಗೆ ಬೆಳಗ್ಗೆ ಆರಕ್ಕೆ ಹೊರಟು, ಓಟಿ ಮುಗಿಸಿ ರಾತ್ರಿ ಎಂಟಕ್ಕೆ ಇಳಿಯುವವನಿಗೆ ಬಾಗಿಲು ತೆರೆದಿರುವ ಗ್ರಂಥಾಲಯ ಎಲ್ಲಿದೆ? ರಂಗನಾಥನ್ ಹೇಳಿದ ಕೆಲಸವನ್ನು ಇಲ್ಲಿ ಇಷ್ಟು ದಿನ ಮಾಡಿದ್ದು ಊಟದ ಡಬ್ಬಿ. ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಚೀಲದಲ್ಲಿ, ಟರ್ನರನ ಸೈಕಲ್ ಕ್ಯಾರಿಯರಿನಲ್ಲಿ ಸುತ್ತಿದ ಪುಸ್ತಕಗಳಿಗೆ ರಿಜಿಸ್ಟರ್ ಇಲ್ಲ. ಪಾಳಿ ಮುಗಿಸಿ ಬರುವವರಿಗೆಂದು ರಾತ್ರಿ ಹತ್ತರವರೆಗೆ ತೆರೆದಿರುವ ಒಂದು ಶಾಖೆ ಪೀಣ್ಯಕ್ಕೆ ಬೇಕು ಎಂದು ನಾನು ಹೇಳುತ್ತಲೇ ಇದ್ದೇನೆ. ಹೇಳುವುದನ್ನು ನಿಲ್ಲಿಸಿಲ್ಲ.

ಹೊಂಗೆಮರವನ್ನು ಶೆಡ್ ವಿಸ್ತರಿಸುವಾಗ ಕಡಿದರು. ಅಣ್ಣ ನಿವೃತ್ತರಾಗಿ ಕುಣಿಗಲ್ ಕಡೆಯ ಊರಿಗೆ ಹೋದರು. ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಈಗ ಮೊಮ್ಮಗನಿಂದ ಓದಿಸಿಕೊಳ್ಳುತ್ತಾರೆ. ತೇಜಸ್ವಿಯವರ ‘ಜುಗಾರಿ ಕ್ರಾಸ್’ ಕಳಿಸಿದ್ದೆ. ಏಲಕ್ಕಿ ಮಾರಲು ಹೊರಟ ಸುರೇಶ ಗೌರಿಯರಿಗೆ ಒಂದೇ ದಿನದಲ್ಲಿ ಏನೇನು ಬಂದೊದಗುತ್ತದೆ ಎಂದು ಕೇಳಿಸಿಕೊಂಡು, “ಇವರು ಪತ್ತೇದಾರಿ ಬರೀತಾರೆ ಅಂತ ನೀವು ಯಾಕೆ ಮೊದಲೇ ಹೇಳಲಿಲ್ಲ?” ಎಂದು ಫೋನಿನಲ್ಲಿ ಬೈದರು. ಅಕ್ಕ ಕೇಳಿದ್ದ ಪ್ರಶ್ನೆಯೇ. ಒಳ್ಳೆಯ ಪುಸ್ತಕಗಳನ್ನು ಭಯ ಹುಟ್ಟುವಂಥ ಹೆಸರಿಟ್ಟು ಎತ್ತರದಲ್ಲಿ ಕೂರಿಸಿದವರು ನನ್ನಂಥವರೇ.

ಸುಳ್ಳು ಹೇಳಿದ್ದನ್ನು ಅಕ್ಕನಿಗೆ ಮಾತ್ರ ತಿಳಿಸಿದ್ದೆ. ಅವರು ಆಶ್ಚರ್ಯಪಡಲಿಲ್ಲ. “ಹತ್ತು ರೂಪಾಯಿಗೆ ತಂದಾಗಲೇ ಹರಿದಿತ್ತು. ಹರಿದ ಪುಸ್ತಕದ ಕೊನೆ ಇವರಿಗೆ ಹೆಂಗೆ ಗೊತ್ತು ಅಂತ ನಂಗೆ ಆವತ್ತೇ ಅನುಮಾನ” ಎಂದರು. ಮತ್ತೆ ಯಾಕೆ ಕೇಳಲಿಲ್ಲ ಎಂದರೆ, “ಚೆನ್ನಾಗಿ ಹೇಳ್ತಿದ್ರಲ್ಲ ಸಾರ್, ಕೆಂಪು ಬಣ್ಣ ಯಾಕೆ ಹಚ್ಚಲಿ?” ಎಂದರು.

ಅಕ್ಕನ ಮಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಮನೆ ಕೋನಪ್ಪನ ಅಗ್ರಹಾರದಲ್ಲಿ. ಮೊದಲೆಲ್ಲ ನಾಗಸಂದ್ರದಿಂದ ಅಲ್ಲಿಗೆ ಹೋಗಿ ಬರುವುದೆಂದರೆ ಒಂದು ದಿನದ ಪ್ರಯಾಣ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ, ಹಸಿರು ಮಾರ್ಗದಲ್ಲಿ ಹತ್ತಿ ಆರ್.ವಿ. ರಸ್ತೆಯಲ್ಲಿ ಬದಲಿಸಿದರೆ ಮಧ್ಯಾಹ್ನದೊಳಗೆ ಮಗನ ಮನೆ. ಈಗ ಪ್ರತಿ ಭಾನುವಾರ ಹೋಗುತ್ತಾರೆ. ಮೆಟ್ರೋದಲ್ಲಿ ಪುಸ್ತಕ ಬಿಡಿಸುತ್ತಾರೆ, ಹೊದಿಕೆ ಹಾಕುವುದಿಲ್ಲ. ಎಲ್ಲರೂ ಫೋನ್ ನೋಡುತ್ತಿರುವಾಗ ಯಾರಿಗೆ ನಾಚಬೇಕು ಎನ್ನುತ್ತಾರೆ. ಮಗ ಕೊಡಿಸಿದ ‘ತೇಜೋ ತುಂಗಭದ್ರಾ’ವನ್ನು ಹಾಗೆಯೇ ಹೋಗುತ್ತಾ ಬರುತ್ತಾ ಮುಗಿಸಿದರು. ಸಾಫ್ಟ್‌ವೇರ್ ಕೆಲಸ ಮಾಡುತ್ತಲೇ ಲೇಖಕರಾದ ವಸುಧೇಂದ್ರರ 2019ರ ಕಾದಂಬರಿ ಅದು. ಲಿಸ್ಬನ್ನಿನಲ್ಲಿ ಒಂದು ಪ್ರೀತಿ, ತುಂಗಭದ್ರೆಯ ದಡದಲ್ಲಿ ಇನ್ನೊಂದು. “ಬರೆದೋರು ನಮ್ಮ ಮಗನ ಥರ ಕಂಪ್ಯೂಟರ್ ಕೆಲಸದೋರಂತೆ. ಪ್ರೀತಿ ಬರೆಯೋಕೆ ಹೆದರಿಲ್ಲ” ಎಂಬುದು ಅಕ್ಕನ ತೀರ್ಪು.

ಸೊಸೆ ವಿಶಾಖಪಟ್ಟಣದ ಕಡೆಯ ಹುಡುಗಿ. ಮೊದಲ ಆರು ತಿಂಗಳು ಅತ್ತೆ ಸೊಸೆಯರಿಗೆ ಊಟ ಆಯಿತಾ ಎನ್ನುವುದರಾಚೆ ಮಾತಿರಲಿಲ್ಲ. ಒಂದು ಭಾನುವಾರ ಅಕ್ಕನ ಚೀಲದಿಂದ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಹೊರಗೆ ಬಿತ್ತು. ಕನ್ನಡಕ್ಕೆ ಬಂದು ಒಂದು ಕಾಲದಲ್ಲಿ ಇಲ್ಲಿಯೂ ಜನ ನಿದ್ದೆಗೆಟ್ಟು ಓದಿದ ಪುಸ್ತಕ. ಕನ್ನಡ ಅಕ್ಷರ ಬಾರದ ಸೊಸೆ ಕೂಡಿಸಿ ಕೂಡಿಸಿ ಓದಿದಳು. ಎರಡೂ ಲಿಪಿ ಅಕ್ಕತಂಗಿಯರು, ಹೆಸರು ಬಿಡಿಸಲು ತೊಂದರೆಯಾಗಲಿಲ್ಲ. ತನ್ನ ಅಮ್ಮ ಅದನ್ನು ತೆಲುಗಿನಲ್ಲಿ ಓದಿ ವಾರವಿಡೀ ದೀಪ ಆರಿಸದೆ ಮಲಗಿದ್ದಳಂತೆ. ಅಲ್ಲಿಂದ ಮಾತು ಶುರು.

ಆ ಹುಡುಗಿ ಇಂಗ್ಲಿಷಿನಲ್ಲಿ ಅಗಾಥಾ ಕ್ರಿಸ್ಟಿ ಓದುತ್ತಾಳೆ. ಅಕ್ಕನಿಗೆ ಇಂಗ್ಲಿಷ್ ಬಾರದು. ಆದ್ದರಿಂದ ಭಾನುವಾರ ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಾ ಸೊಸೆ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕತೆ ಹೇಳುತ್ತಾಳೆ, ವಾರಕ್ಕೆ ಮೂರು ಅಧ್ಯಾಯ. ಬದಲಿಗೆ ಅಕ್ಕ ತ್ರಿವೇಣಿಯವರನ್ನು ಹೇಳುತ್ತಾರೆ. ಮಗ ಹಜಾರದಲ್ಲಿ ಕ್ರಿಕೆಟ್ ನೋಡುತ್ತಿರುತ್ತಾನೆ.

ಕಳೆದ ಸೋಮವಾರ ಅಕ್ಕ ಫೋನ್ ಮಾಡಿದ್ದರು. “ಕೊಲೆ ಮಾಡಿದ್ದು ಯಾರು ಅಂತ ನಂಗೆ ಗೊತ್ತಾಯ್ತು ಸಾರ್. ಸೊಸೆಗೆ ಹೇಳಿಲ್ಲ. ಪಾಪ, ಅವಳು ಇನ್ನೂ ಎರಡು ಭಾನುವಾರ ಹೇಳಬೇಕು ಅಂತ ಇಟ್ಕೊಂಡಿದಾಳೆ.”